ಕರಕುಶಲ ಕೋಣೆಯ ಗೋಡೆ ಮತ್ತು ಹಳೆಯ ಬಟ್ಟೆ: ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಕರಕುಶಲ ಕೋಣೆಯ ಗೋಡೆಗೆ ತೂಗುಹಾಕಲು ಮಕ್ಕಳು ಮನೆಯ ಹಳೆ ಬಟ್ಟೆಯಿಂದ ಚೌಕಗಳನ್ನು ಮಾಡುತ್ತಿದ್ದಾರೆ. ಕಳೆದ ಶನಿವಾರ ಅದಕ್ಕೆಂದು ಆರನೇ ತರಗತಿಯ ಹುಡುಗನೊಬ್ಬ ತಂದ ಬಟ್ಟೆ ಅವನ ಅಜ್ಜಿಯ ಇಳಕಲ್ ಸೀರೆಯ ಸೆರಗು ಎಂದು ನಮಗೆ ಗೊತ್ತಾಗಿದ್ದು ಕತ್ತರಿ ಆಡಿದ ಮೇಲೆ. ಆ ಮನೆಗೆ ನಾನೇ ಹೋಗಿ ಕ್ಷಮೆ ಕೇಳಿ ಬಂದೆ. ಅಜ್ಜಿ ಚಹಾ ಕೊಟ್ಟರು, ಮಾತಾಡಲಿಲ್ಲ. "ಹಳೆ ಬಟ್ಟೆ ತನ್ನಿ" ಎಂದಷ್ಟೇ ಹೇಳಿ, ಯಾವುದು ಹಳೆಯದು ಎಂಬ ತೀರ್ಮಾನವನ್ನು ಮಕ್ಕಳಿಗೆ ಬಿಟ್ಟಿದ್ದು ನಮ್ಮದೇ ತಪ್ಪು.

ಆದರೆ ಆಮೇಲೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎದ್ದ ಮಾತು ಬೇರೆ. ಶಾಲೆ ಮನೆಮನೆಯ ಹರಕು ಕೇಳುವುದು ನಾಚಿಕೆ, ಹಣ ಕೂಡಿಸಿ ಫ್ಲೆಕ್ಸ್ ಹಾಕಿಸೋಣ ಎಂದಿರಿ. ಇಬ್ಬರು ಅಂಗಡಿಯಿಂದ ಹೊಸ ಸ್ಯಾಟಿನ್ ಬಟ್ಟೆಯನ್ನೇ ಕಳಿಸಿದ್ದೀರಿ. ನಿಮ್ಮ ಪ್ರೀತಿ ದೊಡ್ಡದು. ಆದರೂ ಅದನ್ನು ವಾಪಸ್ ಕಳಿಸುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಹೊಸ ಬಟ್ಟೆ ಯಾಕೆ ಬೇಡ? ಸ್ಯಾಟಿನ್ ಜಾರುತ್ತದೆ, ಮಡಿಕೆ ನಿಲ್ಲುವುದಿಲ್ಲ, ಗೋಂದು ತಾಗಿದರೆ ಕಲೆ. ಹತ್ತಾರು ಸಲ ಒಗೆದ ಹತ್ತಿ ಬಟ್ಟೆ ಮಕ್ಕಳ ಕೈ ಹೇಳಿದಂತೆ ಕೇಳುತ್ತದೆ. ಇನ್ನೊಂದು ಕಾರಣ ಹೇಳಲು ಸ್ವಲ್ಪ ಮುಜುಗರ: ಸ್ಯಾಟಿನ್ ಬಂದ ದಿನ ಪಕ್ಕದ ಬೆಂಚಿನ ಹುಡುಗಿ ಅಪ್ಪನ ಲುಂಗಿಯ ತುಂಡನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಎಲ್ಲರದೂ ಹಳೆಯದಾದರೆ ಯಾರದೂ ಹಳೆಯದಲ್ಲ. ಹರಕು ಎಂದವರಿಗೆ ಒಂದು ಮಾತು: ನಮ್ಮದೇ ಜಿಲ್ಲೆಯ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹಳೆ ಸೀರೆ, ಅಂಗಿಗಳಿಂದ ಹೊಲಿದ ಹೊದಿಕೆಗಳು, ಅಂದರೆ ಕೌದಿಗಳು, ವಿದೇಶದ ಪ್ರದರ್ಶನಗಳಲ್ಲೂ ಗೋಡೆ ಏರಿವೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ 'ಫೂಲ' (ಹೂವು) ಕೂರದೆ ಅವರ ಲೆಕ್ಕದಲ್ಲಿ ಕೌದಿ ಮುಗಿಯುವುದೇ ಇಲ್ಲ.

ಇಷ್ಟಕ್ಕೂ ನಾವು ಮಾಡುತ್ತಿರುವುದು ದೊಡ್ಡದೇನಲ್ಲ. ಕಿರಾಣಿ ಅಂಗಡಿಯ ಖಾಲಿ ಪೆಟ್ಟಿಗೆಯಿಂದ 12 ಇಂಚಿನ ಚೌಕ ರಟ್ಟು, ಅದರ ಮೇಲೆ ಇಸ್ತ್ರಿ ಮಾಡಿದ 16 ಇಂಚಿನ ಬಟ್ಟೆ. ನಾಲ್ಕೂ ಕಡೆ 2 ಇಂಚು ಹಿಂದಕ್ಕೆ ಮಡಚಲು. ಮೂಲೆ ದಪ್ಪಗಟ್ಟದಂತೆ ಓರೆಯಾಗಿ ಕತ್ತರಿಸಬೇಕು. ಗೋಂದು ಹಿಂಬದಿಗೆ ಮಾತ್ರ, ತೆಳ್ಳಗೆ. ಸ್ಟೇಪ್ಲರ್ ಪಿನ್ನು ಕಾರವಾರದ ಉಪ್ಪುಗಾಳಿಗೆ ತುಕ್ಕು ಹಿಡಿದು ಬಟ್ಟೆಗೂ ಕಲೆ ಇಳಿಸುತ್ತದೆ. ಹಾಗಾಗಿ ಅಂಚುಗಳನ್ನು ಹಿಂದಿನಿಂದ ಸೂಜಿ ದಾರದಲ್ಲಿ ಎಳೆದು ಬಿಗಿಯುತ್ತೇವೆ. ಮಳೆಗಾಲದಲ್ಲಿ ನಮ್ಮ ಚಿರೆಕಲ್ಲಿನ ಗೋಡೆ ನೀರು ಕುಡಿಯುತ್ತದೆ, ಜೂನಿನಲ್ಲಿ ಅಂಟಿಸಿದ ಚಾರ್ಟು ಜುಲೈಗೆ ಸುರುಳಿ. ಅದಕ್ಕೇ ಪ್ರತಿ ಚೌಕದ ಬೆನ್ನಿಗೆ ಬಾಟಲಿಯ ಮುಚ್ಚಳಗಳನ್ನು ಅಂಟಿಸಿ, ಗೋಡೆಗೂ ಬಟ್ಟೆಗೂ ನಡುವೆ ಗಾಳಿ ಆಡಲು ಬಿಟ್ಟು, ಕತ್ತದ ಹುರಿಯಲ್ಲಿ ತೂಗುಹಾಕುತ್ತೇವೆ. ಬೂಸು ಅಷ್ಟು ಬೇಗ ಹತ್ತುವುದಿಲ್ಲ. ಶಾಲೆಯ ಖರ್ಚು ಗೋಂದು, ದಾರದ್ದಷ್ಟೇ.

ಪಾಠದ ಹೊತ್ತು ಹಾಳಾಗುತ್ತಿಲ್ಲ, ಇದು ಶನಿವಾರದ ಕರಕುಶಲ ಅವಧಿಯಲ್ಲಿ ಮಾತ್ರ. ಗಂಡುಹುಡುಗರ ಕೈಗೆ ಸೂಜಿ ಯಾಕೆ ಎಂದು ಕೇಳಿದವರು ಒಮ್ಮೆ ಬೈತಖೋಲ ಬಂದರಿಗೆ ಹೋಗಿ ಬಲೆ ರಿಪೇರಿಗೆ ಕೂತ ಗಂಡಸರನ್ನು ನೋಡಿ ಬರಲಿ.

ಕತ್ತರಿ ಇನ್ನು ಮುಂದೆ ಶಿಕ್ಷಕರ ಕಪಾಟಿನಲ್ಲಿರುತ್ತದೆ, ಮನೆಯವರ ಸಹಿಯ ಚೀಟಿ ಇಲ್ಲದ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಹಳೆ ಬಟ್ಟೆಯೇ ಬೇಕೆಂಬ ಮಾತಿನಲ್ಲಿ ಮಾತ್ರ ಬದಲಾವಣೆ ಇಲ್ಲ. ಮನೆಯಲ್ಲಿ ಕೊಡುವಂಥದ್ದು ಏನೂ ಇಲ್ಲದಿದ್ದರೆ ಸಂಕೋಚ ಬೇಡ, ಟೈಲರ್ ಅಂಗಡಿಯ ತುಂಡುಗಳ ಚೀಲವೊಂದು ನಮ್ಮಲ್ಲಿದೆ.

ಬರುವ ಶುಕ್ರವಾರದೊಳಗೆ, ನೀವೇ ಆರಿಸಿ ಒಗೆದ ಒಂದು ಹಳೆ ಹತ್ತಿ ತುಂಡನ್ನು ಚೀಟಿಯೊಂದಿಗೆ ಕಳಿಸಿಕೊಡಿ.

ಇಳಕಲ್ ಸೆರಗಿನ ತುಂಡು ನನ್ನ ಕಪಾಟಿನಲ್ಲಿ ಮಡಚಿಟ್ಟಿದೆ. ಅದು ಗೋಡೆಗೋ, ಮರಳಿ ಮನೆಗೋ, ಅಜ್ಜಿ ಹೇಗೆ ಹೇಳುತ್ತಾರೋ ಹಾಗೆ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ