ಐಸಿಯು ತುರ್ತು ಲೈನನ್ನು ಮಾಮೂಲಿ ಲೈನಿನ ಪೈಪಿನಲ್ಲೇ ಎಳೆದಿರುವ ಬಗ್ಗೆ ದೂರು

ಇವರಿಗೆ,
ಮಾಲೀಕರು,
ವಿದ್ಯುತ್ ಗುತ್ತಿಗೆ ಸಂಸ್ಥೆ

ಮಾನ್ಯರೇ,

ನಮ್ಮ ನರ್ಸಿಂಗ್ ಹೋಮಿನ ಎರಡನೇ ಮಹಡಿಗೆ ವೈರಿಂಗ್ ಮಾಡಿಕೊಟ್ಟವರು ನೀವು. ಹೋದ ವಾರ ರಾತ್ರಿ ವಾರ್ಡಿನ ಗೀಸರ್ ಲೈನು ಫಾಲ್ಸ್ ಸೀಲಿಂಗ್ ಮೇಲೆ ಪೈಪಿನೊಳಗೇ ಸುಟ್ಟುಹೋಯಿತು. ಜೊತೆಗೆ ಐಸಿಯು ಕರೆಂಟೂ ಹೋಯಿತು. ಜನರೇಟರ್ ಸರಿಯಾಗಿತ್ತು, ಯುಪಿಎಸ್ ಬ್ಯಾಟರಿ ಪೂರ್ತಿ ಚಾರ್ಜ್ ಇತ್ತು. ಆದರೂ ಹಾಸಿಗೆ ಪಕ್ಕದ ಸಾಕೆಟ್‌ಗಳಿಗೆ ಕರೆಂಟು ಬರಲಿಲ್ಲ. ವೆಂಟಿಲೇಟರ್ ತನ್ನ ಒಳಗಿನ ಬ್ಯಾಟರಿಯಲ್ಲಿ ನಡೆಯಿತು. ಸಿಸ್ಟರ್‌ಗಳು ಮೊಬೈಲ್ ಟಾರ್ಚ್ ಹಿಡಿದು ರೋಗಿಗಳನ್ನು ನೋಡಿಕೊಂಡರು. ಯಾರಿಗೂ ಏನೂ ಆಗಲಿಲ್ಲ, ನಮ್ಮ ಪುಣ್ಯ.

ಸೀಲಿಂಗ್ ಬಿಚ್ಚಿಸಿದಾಗ ಕಾರಣ ಸಿಕ್ಕಿತು. ಡ್ರಾಯಿಂಗಿನಲ್ಲಿ ಮಾಮೂಲಿ ಲೈನು ಒಂದು ದಾರಿಯಲ್ಲಿ, ಯುಪಿಎಸ್ ಲೈನು ಇನ್ನೊಂದು ದಾರಿಯಲ್ಲಿ ಇದೆ. ನಿಮ್ಮ ಹುಡುಗರು ಎರಡನ್ನೂ ಒಂದೇ ಪಿವಿಸಿ ಪೈಪಿನಲ್ಲಿ ಎಳೆದಿದ್ದಾರೆ. ಜಂಕ್ಷನ್ ಬಾಕ್ಸೂ ಒಂದೇ. ಗೀಸರ್ ವೈರು ಕಾದು ಕರಗಿದಾಗ ಪಕ್ಕದ ಯುಪಿಎಸ್ ವೈರಿನ ಇನ್ಸುಲೇಷನ್ನೂ ಕರಗಿ ಶಾರ್ಟ್ ಆಯಿತು, ಅದರ ಎಂಸಿಬಿ (ಶಾರ್ಟ್ ಆದಾಗ ಕರೆಂಟು ಕಡಿಯುವ ಸ್ವಿಚ್) ಬಿತ್ತು. ಎಂಸಿಬಿಯದು ತಪ್ಪಿಲ್ಲ. ಇಷ್ಟೊಂದು ದುಡ್ಡು ಸುರಿದು ಎರಡನೇ ಲೈನು ತಂದು, ಕೊನೆಗೆ ಮೊದಲನೆಯದರ ಜೊತೆಗೇ ತೂರಿಸಿದರೆ ಅದು ಇದ್ದೂ ಇಲ್ಲದ ಹಾಗೆ ಅಲ್ವಾ?

ಇದು ನಾನು ಸುಮ್ನೆ ಹುಟ್ಟಿಸಿದ ನಿಯಮ ಅಲ್ಲ. ನಿಮ್ಮ ಕೊಟೇಶನ್‌ನಲ್ಲೇ ಐಇಸಿ 60364 (ಕಟ್ಟಡದ ವೈರಿಂಗಿನ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಕೆಲಸ ಎಂದು ಬರೆದಿದ್ದೀರಿ. ತುರ್ತು ಸರ್ಕ್ಯೂಟ್ ಸ್ವತಂತ್ರವಾಗಿರಬೇಕು, ಬೇರೆ ಸರ್ಕ್ಯೂಟ್ ಕೆಟ್ಟರೆ ಇದು ಕೆಡಬಾರದು ಎಂದು ಅದು ಹೇಳುತ್ತದೆ. ಅಮೆರಿಕದ ವೈರಿಂಗ್ ನಿಯಮಾವಳಿ ಎನ್‌ಇಸಿಯಲ್ಲಿ ಆಸ್ಪತ್ರೆಗೆಂದೇ ಇರುವ 517ನೇ ಆರ್ಟಿಕಲ್ ಇನ್ನೂ ಬಿಗಿ. ಅಲ್ಲಿ ತುರ್ತು ವೈರು ಬೇರೆ ವೈರಿನ ಪೈಪಿಗಾಗಲಿ, ಬಾಕ್ಸಿಗಾಗಲಿ ಹೋಗುವ ಹಾಗಿಲ್ಲ. ಮಾಮೂಲಿ ಕರೆಂಟಿನಿಂದ ತುರ್ತು ಕರೆಂಟಿಗೆ ಬದಲಿಸುವ ಚೇಂಜ್‌ಓವರ್ ಪೆಟ್ಟಿಗೆಯಂಥ ಕೆಲವೇ ಕಡೆ ವಿನಾಯಿತಿ.

ನಿಮ್ಮ ಸೂಪರ್‌ವೈಸರ್ ಫೋನಿನಲ್ಲಿ, "ಸಾರ್, ಎಫ್‌ಆರ್ ವೈರೇ ಹಾಕಿದೀವಿ, ಏನೂ ಆಗಲ್ಲ" ಎಂದರು. ಆಗಿದೆಯಲ್ಲ! ಎಫ್‌ಆರ್ ವೈರು ಬೆಂಕಿಯನ್ನು ಸುಲಭವಾಗಿ ಹರಡುವುದಿಲ್ಲ, ಅಷ್ಟೇ. ಬೆಂಕಿಯಲ್ಲೂ ಕರೆಂಟು ಹರಿಯಬೇಕಾದರೆ ಫೈರ್ ಸರ್ವೈವಲ್ ಕೇಬಲ್ ಬೇಕು. ಬ್ರಿಟಿಷ್ ಮಾನದಂಡ ಬಿಎಸ್ 6387ರ ಸಿ ದರ್ಜೆಯ ಕೇಬಲ್ 950 ಡಿಗ್ರಿ ಬೆಂಕಿಯಲ್ಲಿ 3 ಗಂಟೆ ತಡೆಯಬೇಕು. ಕೊಟೇಶನ್‌ನಲ್ಲಿ ಆ ಕೇಬಲ್ಲಿಗೇ ರೇಟು ಹಾಕಿದ್ದೀರಿ. ಅದು ಎಲ್ಲಿ ಹೋಯಿತು?

ಆಪರೇಷನ್ ಥಿಯೇಟರಿನದು (ಓಟಿ) ಇನ್ನೊಂದು ಕಥೆ. ಒಪ್ಪಂದದಲ್ಲಿದ್ದ, ಓಟಿ ಕರೆಂಟನ್ನು ಅರ್ತಿಂಗ್‌ನಿಂದ ಬೇರ್ಪಡಿಸುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಬಿಟ್ಟು, ಎಲ್ಲ ಸಾಕೆಟ್‌ಗಳಿಗೂ ಸೇರಿಸಿ, ಕರೆಂಟು ಲೀಕ್ ಆದರೆ ಲೈನು ಕಡಿಯುವ ಒಂದು 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿದ್ದೀರಿ. ಮನೆಗೆ ಅದು ಸರಿ. ಆಪರೇಷನ್ ನಡುವೆ ಒಂದು ಮೆಷಿನ್ ಲೀಕ್ ಆದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಐಸೋಲೇಷನ್ ಇದ್ದಿದ್ದರೆ ಮೊದಲ ದೋಷಕ್ಕೆ ಬರೀ ಅಲಾರಂ ಕೂಗುತ್ತಿತ್ತು, ಸರ್ಜನ್ ಕೆಲಸ ಮುಗಿಸಬಹುದಿತ್ತು. ಆಪರೇಷನ್ ಟೇಬಲ್ ಮೇಲಿನ ದೀಪವೂ ಜನರೇಟರ್ ಲೈನಿನಲ್ಲಿದೆ. ಅದು ಅರ್ಧ ಸೆಕೆಂಡಿನೊಳಗೆ ವಾಪಸ್ ಬರಬೇಕು, ಜನರೇಟರ್‌ನಿಂದ ಅದು ಆಗದ ಮಾತು.

ಯುಪಿಎಸ್ ಸಾಕೆಟ್‌ಗಳಿಗೂ ಬಿಳಿ ಬಣ್ಣವೇ. ರೋಗಿಯ ಕಡೆಯವರು ಒಂದಕ್ಕೆ ನೀರು ಕಾಯಿಸುವ ಕೆಟಲ್ ಸಿಕ್ಕಿಸಿದ್ದರು. ಅವರಿಗೆ ಹೇಗೆ ಗೊತ್ತಾಗಬೇಕು?

ಯುಪಿಎಸ್ ಲೈನುಗಳಿಗೆ ಬೇರೆ ದಾರಿಯಲ್ಲಿ, ಬೇರೆ ಲೋಹದ ಪೈಪಿನಲ್ಲಿ, ಒಪ್ಪಿದ ಕೇಬಲ್ಲನ್ನೇ ಎಳೆಯಬೇಕು. ಟ್ರಾನ್ಸ್‌ಫಾರ್ಮರ್ ಮತ್ತು ದೋಷಕ್ಕೆ ಅಲಾರಂ ಕೊಡುವ ಇನ್ಸುಲೇಷನ್ ಮಾನಿಟರ್ ಕೂರಿಸಬೇಕು, ಓಟಿ ದೀಪಕ್ಕೆ ಬ್ಯಾಟರಿ ಲೈನು ಕೊಡಬೇಕು, ಯುಪಿಎಸ್ ಸಾಕೆಟ್‌ಗಳನ್ನು ಕೆಂಪಿಗೆ ಬದಲಿಸಬೇಕು. ಜಾಸ್ತಿ ದುಡ್ಡು ಕೊಡುವುದಿಲ್ಲ. ಕೊನೆಯ ಬಿಲ್ಲು ಅಲ್ಲಿಯವರೆಗೆ ನಮ್ಮಲ್ಲೇ ಇರುತ್ತದೆ. 15 ದಿನದೊಳಗೆ ಕೆಲಸ ಶುರುವಾಗದಿದ್ದರೆ ಫೋಟೋಗಳ ಸಮೇತ ವಿದ್ಯುತ್ ಪರಿವೀಕ್ಷಣಾಲಯಕ್ಕೆ ದೂರು ಕೊಡುತ್ತೇವೆ.

ಈ ಸಲ ನಮ್ಮ ಎಲೆಕ್ಟ್ರಿಷಿಯನ್ ನೋಡಿ ಸಹಿ ಹಾಕುವವರೆಗೆ ಸೀಲಿಂಗ್ ಮುಚ್ಚಬೇಡಿ.

ಇತಿ,
ಆಡಳಿತಾಧಿಕಾರಿ