ಭಾನುವಾರದ ಕಟಾನ್: ಬರುವವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಮಧ್ಯಾಹ್ನ 3ಕ್ಕೆ ಕಟಾನ್ (ದಾಳ ಎಸೆದು ಸಂಪನ್ಮೂಲದ ಕಾರ್ಡು ಗಳಿಸಿ, ವ್ಯಾಪಾರ ಮಾಡಿ ಊರು ಕಟ್ಟುವ ಬೋರ್ಡ್ ಗೇಮ್) ಆಡೋಣ. ಒಂದು ಪೆಟ್ಟಿಗೆಯಲ್ಲಿ 3-4 ಜನ ಮಾತ್ರ ಆಡಬಹುದು. ಐವರಾದರೆ ಕಷ್ಟ, ಆರು ಜನರಾದರೆ ಇನ್ನೊಂದು ಪೆಟ್ಟಿಗೆ ತಂದು ಎರಡು ಮೇಜು ಹಾಕಬಹುದು.

ಪೆಟ್ಟಿಗೆ ಇರುವವರು ಮೊದಲೇ ಎಣಿಸಿಡಿ: ಭೂಮಿಯ ತುಂಡು 19, ಸಂಖ್ಯೆಯ ಬಿಲ್ಲೆ 18, ಅಭಿವೃದ್ಧಿ ಕಾರ್ಡು 25, ಸಂಪನ್ಮೂಲದ ಕಾರ್ಡು ಬಗೆಗೆ 19ರಂತೆ 95. ಕಮ್ಮಿ ಬಂದರೆ ಪ್ಲಾಸ್ಟಿಕ್ ತಟ್ಟೆ ಎತ್ತಿ ಅಡಿಯಲ್ಲೂ ನೋಡಿ.

ಬಿಲ್ಲೆಗಳನ್ನು ಕಲಸಿ ಭೂಮಿಯ ತುಂಡುಗಳ ಮೇಲೆ ಇಡುವಾಗ ಕೆಂಪು 6, 8 ಅಕ್ಕಪಕ್ಕ ಬರಬಾರದು. ಎರಡು ದಾಳದ 36 ಸಾಧ್ಯತೆಗಳಲ್ಲಿ ಒಂದೊಂದಕ್ಕೂ 5 ಇವೆ. ಎರಡೂ ಸೇರುವ ಮೂಲೆ ಹಿಡಿದವರು ಅರ್ಧ ಗೆದ್ದಂತೆಯೇ, ಉಳಿದವರಿಗೆ ಆಟ ಸಪ್ಪೆ. 7 ಬಿದ್ದಾಗ 8 ಅಥವಾ ಹೆಚ್ಚು ಕಾರ್ಡಿದ್ದವರು ಅರ್ಧ ಬಿಡಬೇಕು, 9 ಇದ್ದರೆ 4. ಇದನ್ನು ಸಡಿಲಿಸೋದು ಬೇಡ. ಕಾರ್ಡು ಕೂಡಿಡುವ ಭಯ ಇದ್ದರೇನೇ ವ್ಯಾಪಾರ ನಡೆಯೋದು, ಈ ಆಟದ ಜೀವ ಅದೇ.

ತಿಂಡಿ ಆಟದ ನಡುವೆ ಬೇಡ. ನಿಪ್ಪಟ್ಟಿನ ಎಣ್ಣೆ ಕಾರ್ಡಿನ ಬೆನ್ನಿಗೆ ಅಂಟಿದರೆ ಕಲೆ ನೋಡಿಯೇ ಅದು ಗೋಧಿ ಕಾರ್ಡು ಅಂತ ಎಲ್ಲರಿಗೂ ಗೊತ್ತಾಗುತ್ತೆ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ "ಬರ್ತೀನಿ" ಅಂತ ಹಾಕಿ. ಹೊಸಬರಾದರೆ ಅದನ್ನೂ ತಿಳಿಸಿ, 2.30ಕ್ಕೇ ಬನ್ನಿ, ನಿಯಮ ಹೇಳಿಕೊಡೋಣ.