ಶಿಕ್ಷಕರು ಕಾರ್ಮಿಕರಲ್ಲ ಎಂದವರು ಮುಂದಿನ ಸಾಲನ್ನೂ ಓದಲಿ

ಮಾನ್ಯ ಸಂಪಾದಕರೇ,

ಕೆಲಸ ಬಿಡುವಾಗ ಇಡಿಗಂಟಾಗಿ ಸಿಗಬೇಕಾದ ಗ್ರಾಚ್ಯುಟಿ ಕೊಡಿಸಿ ಎಂದು ಸೋಮವಾರ ಖಾಸಗಿ ಶಾಲೆಗಳ ಶಿಕ್ಷಕರು ಮನವಿ ಹಿಡಿದು ಹಾಸನದ ಕಚೇರಿಗಳನ್ನು ಸುತ್ತಿದ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿದೆ. ‘ಶಿಕ್ಷಕರು ಕಾರ್ಮಿಕ ಕಾನೂನಿಗೆ ಬರುವುದಿಲ್ಲ, ಮಾಹಿತಿ ಇಲ್ಲದೆ ಬಂದಿದ್ದರು’ ಎಂಬ ಅಧಿಕಾರಿಯ ಮಾತನ್ನು ಇದ್ದ ಹಾಗೆಯೇ ಅಚ್ಚು ಹಾಕಿದ್ದೀರಿ. ಮಾಹಿತಿ ಇಲ್ಲದಿದ್ದದ್ದು ಯಾರಿಗೆ ಎಂದು ಒಂದು ಮಾತು ವಿಚಾರಿಸಬೇಕಿತ್ತು.

ಅರಸೀಕೆರೆ, ಸಕಲೇಶಪುರ, ಅರಕಲಗೂಡು ಕಡೆಯಿಂದ ಒಂದು ದಿನದ ಸಂಬಳ ಬಿಟ್ಟು ಬಂದವರು ಅವರೆಲ್ಲ. ಬೆಳಿಗ್ಗೆ 10ಕ್ಕೆ ಮೊದಲು ಕಾರ್ಮಿಕ ಇಲಾಖೆ ಕಚೇರಿ ಬಾಗಿಲಲ್ಲಿ ನಿಂತರೆ ಸಾಹೇಬರು ಮೀಟಿಂಗ್‌ನಲ್ಲಿದ್ದರು. 12ರ ನಂತರ ‘ನಿಮ್ಮದು ಇಲ್ಲಿಗಲ್ಲ, ಅಲ್ಲಿಗೆ ಹೋಗಿ’ ಎಂದರು. ಆಟೊಗೆ ದುಡ್ಡು ಕೊಟ್ಟು ಶಿಕ್ಷಣ ಇಲಾಖೆ ಕಚೇರಿಗೆ ಹೋದರೆ ‘ಅದು ನಿಮ್ಮ ಆಡಳಿತ ಮಂಡಳಿ ವಿಷಯ, ನಾವೇನು ಮಾಡೋಣ’ ಎಂಬ ಉತ್ತರ. ಮನವಿಯ ಇನ್ನೊಂದು ಪ್ರತಿಗೆ ಟಪಾಲಿನ ಮೊಹರು ಒತ್ತಿಕೊಡಿ ಎಂದು ಕೇಳಿದ್ದಕ್ಕೆ, ಮೇಜಿನ ಮೇಲಿದ್ದ ಮೊಹರನ್ನು ಎತ್ತಿ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ಮಧ್ಯಾಹ್ನ ಊಟವಿಲ್ಲ. ಬಂದ ಹೆಂಗಸರಲ್ಲಿ ಒಬ್ಬರು ಆರು ತಿಂಗಳ ಬಸುರಿ. ಅವರಿಗೆ ಕೂರಲು ಒಂದು ಬೆಂಚೂ ಇರಲಿಲ್ಲ. ಸಂಜೆ ಸಕಲೇಶಪುರದ ಬಸ್ಸಿಗೆ ಮತ್ತೆ ನೂಕುನುಗ್ಗಲು.

ಅಧಿಕಾರಿ ಹೇಳಿದ್ದು ಅರ್ಧ ನಿಜ. 1988ರಲ್ಲಿ ಗೋವಾದ ಶಾಲಾ ಶಿಕ್ಷಕಿ ಸುಂದರಾಂಬಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಾಲೆ ಉದ್ಯಮವೇ ಆದರೂ ಪಾಠ ಹೇಳುವವರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದಿತು. ಹಾಗಾಗಿ ಅದೇ ಶಾಲೆಯ ಬಸ್ ಚಾಲಕನನ್ನು ತೆಗೆದರೆ ಅವನು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು, ಬಸ್ಸಿನಲ್ಲಿ ಬರುವ ಮಕ್ಕಳಿಗೆ ಪಾಠ ಮಾಡುವವರು ಹೋಗುವಂತಿರಲಿಲ್ಲ. 29 ಹಳೆಯ ಕಾರ್ಮಿಕ ಕಾಯ್ದೆಗಳನ್ನು ಸೇರಿಸಿ ಮಾಡಿದ 4 ಹೊಸ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಅಲ್ಲಿಯೂ ‘ಕಾರ್ಮಿಕ’ ಎಂಬ ವ್ಯಾಖ್ಯೆಯೊಳಗೆ ಶಿಕ್ಷಕರ ಹೆಸರಿಲ್ಲ. ಪತ್ರಕರ್ತರ ಹೆಸರಿದೆ. ನಿಮ್ಮ ವರದಿಗಾರರಾದರೂ ಇದನ್ನು ಗಮನಿಸಬೇಕಿತ್ತು.

ಆದರೆ ಒಂದು ಬಾಗಿಲು ಮುಚ್ಚಿದೆ ಎಂದರೆ ಎಲ್ಲವೂ ಮುಚ್ಚಿದಂತಲ್ಲ. ಸೋಮವಾರದ ಮನವಿಯಲ್ಲಿದ್ದದ್ದು ಮುಖ್ಯವಾಗಿ ಗ್ರಾಚ್ಯುಟಿ. 2004ರಲ್ಲಿ ಅದೂ ಶಿಕ್ಷಕರಿಗಿಲ್ಲ ಎಂದು ತೀರ್ಪಾಗಿತ್ತು. ಆಮೇಲೆ ಸಂಸತ್ತು 2009ರಲ್ಲಿ ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಮಾಡಿತು. ಖಾಸಗಿ ಶಾಲೆಗಳವರು ಅದನ್ನು ಪ್ರಶ್ನಿಸಿ 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಲೆಕ್ಕ ಬಹಳ ಸರಳ. ಕೊನೆಯ ತಿಂಗಳ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ವೇತನ 18,000, ಸೇವೆ 11 ವರ್ಷ ಆದರೆ ಸುಮಾರು 1,14,230 ರೂಪಾಯಿ. ಕೊನೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಉಳಿದರೆ ಅದೂ ಒಂದು ವರ್ಷ. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು. ಇದನ್ನು ಕೊಡಿಸುವ ಅಧಿಕಾರ ಕಾರ್ಮಿಕ ಇಲಾಖೆಯ ಅಧಿಕಾರಿಗಳದ್ದೇ. ‘ಇಲ್ಲಿಗಲ್ಲ’ ಎಂದು ಯಾವ ಧೈರ್ಯದ ಮೇಲೆ ಹೇಳಿದರು?

ಆಡಳಿತ ಮಂಡಳಿಗಳು ಎಲ್ಲಿ ಕೈ ಹಾಕುತ್ತವೆ ಎಂಬುದೂ ಇಲಾಖೆಗೆ ಗೊತ್ತಿಲ್ಲದ್ದೇನಲ್ಲ. ಜೂನ್‌ನಲ್ಲಿ ನೇಮಕದ ಆದೇಶ, ಮಾರ್ಚ್ 31ಕ್ಕೆ ಬಿಡುಗಡೆ, ಮತ್ತೆ ಜೂನ್‌ನಲ್ಲಿ ಹೊಸ ಆದೇಶ. ಹೀಗೆ ಹತ್ತು ಸಲ ಮಾಡಿ ‘ಗ್ರಾಚ್ಯುಟಿಗೆ ಬೇಕಾದ ಸತತ 5 ವರ್ಷ ನಿಮಗೆ ಆಗಿಲ್ಲ’ ಎನ್ನುತ್ತಾರೆ. ವರ್ಷಕ್ಕೆ 240 ದಿನದ ಕೆಲಸ ಇದ್ದರೆ ಅದು ಸತತ ಸೇವೆಯೇ. ಸಂಬಳ ಸಹಿತ ರಜೆಯೂ ಭಾನುವಾರವೂ ಲೆಕ್ಕಕ್ಕೆ ಬರುತ್ತವೆ. ನಿಗದಿತ ಅವಧಿಯ ನೇಮಕವಾದರೆ ಹೊಸ ಸಂಹಿತೆ ಆ 5 ವರ್ಷದ ಷರತ್ತನ್ನೇ ತೆಗೆದಿದೆ. ಬ್ಯಾಂಕಿಗೆ ಹಾಕಿದ ಸಂಬಳದಲ್ಲಿ ಒಂದು ಪಾಲು ನಗದಾಗಿ ವಾಪಸು ಪಡೆಯುವುದು, ಬಿಎಡ್ ಅಂಕಪಟ್ಟಿಯ ಅಸಲು ಪ್ರತಿ ಇಟ್ಟುಕೊಂಡು ಹೆದರಿಸುವುದು ಇನ್ನೂ ನಿಂತಿಲ್ಲ. ಆದ್ದರಿಂದ ಹಾಜರಿ ಪುಸ್ತಕದ ಪುಟ, ಬ್ಯಾಂಕ್ ಪಾಸ್‌ಬುಕ್, ಪಿಎಫ್ ಪಾಸ್‌ಬುಕ್ ಈ ಮೂರನ್ನೂ ಶಿಕ್ಷಕರು ಪ್ರತಿವರ್ಷ ನಕಲು ಮಾಡಿಟ್ಟುಕೊಳ್ಳಬೇಕು. 20 ಜನ ನೌಕರರಿರುವ ಶಾಲೆ ಪಿಎಫ್ ಕಟ್ಟಲೇಬೇಕು. 19 ಜನರ ಹೆಸರು ಮಾತ್ರ ತೋರಿಸುವ ಶಾಲೆಗೆ ಹೋಗಿ ತಲೆ ಎಣಿಸಲು ಯಾರಿಗೂ ಪುರುಸೊತ್ತಿಲ್ಲ. 26 ವಾರಗಳ ಹೆರಿಗೆ ರಜೆ ಕೇಳಿದರೆ ರಾಜೀನಾಮೆ ಬರೆಸಿಕೊಳ್ಳುತ್ತಾರೆ.

ಕೆಲಸದಿಂದ ತೆಗೆದರೂ ದಾರಿ ಇದೆ. ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಂ ಪ್ರಕಾರ ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ. ಮಾಡಿದರೆ 94ನೇ ಕಲಂ ಪ್ರಕಾರ ಆದೇಶ ಕೈಸೇರಿದ 3 ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಕಚೇರಿಯಿಂದ ಕಚೇರಿಗೆ ಕಳಿಸಿದರೆ ಆ 3 ತಿಂಗಳೇ ಕಳೆದುಹೋಗುತ್ತವೆ. ಸೋಮವಾರ ಈ ಒಂದು ವಾಕ್ಯವನ್ನು ಹೇಳಿ ಕಳಿಸಿದ್ದರೂ ಬಂದವರಿಗೆ ಉಪಕಾರವಾಗುತ್ತಿತ್ತು.

ಸಂಘಗಳ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಬಹುಪಾಲು ಶಿಕ್ಷಕ ಸಂಘಗಳು ಸಂಘಗಳ ನೋಂದಣಿ ಕಾಯ್ದೆಯಡಿ ಇವೆ. ಅದರಲ್ಲಿ ವಾರ್ಷಿಕ ಸಭೆ, ಸನ್ಮಾನ, ಶಿಕ್ಷಕರ ದಿನಾಚರಣೆ ಮಾಡಬಹುದು, ಕಾರ್ಮಿಕ ಸಂಘಕ್ಕೆ ಕಾನೂನು ಕೊಟ್ಟಿರುವ ರಕ್ಷಣೆ ಅದಕ್ಕೆ ಸಿಗುವುದಿಲ್ಲ. ಚುನಾವಣೆ ಬಂದಾಗ ಮಾತ್ರ ಶಾಲೆಗೆ ಬರುವ ಪದಾಧಿಕಾರಿಗಳು ಇದನ್ನು ಸದಸ್ಯರಿಗೆ ವಿವರಿಸಿದ್ದು ಕಾಣೆ.

ಸರ್ಕಾರಿ ಶಾಲೆಯವರ ಪಾಡು ಬೇರೆ, ಅಧಿಕಾರಿಗಳ ಧೋರಣೆ ಅದೇ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಬೋಧಕೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. 2025ರ ದಸರಾದಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಅವರನ್ನೇ ಕಳಿಸಿ, ಮುಗಿಯದಾಗ ಅಕ್ಟೋಬರ್ 18ರವರೆಗೆ ಶಾಲೆಗೇ ರಜೆ ಕೊಟ್ಟರು. ನೆಟ್‌ವರ್ಕ್ ಇಲ್ಲದ ಕಾಫಿ ತೋಟದ ಲೈನ್ ಮನೆಗಳ ಮುಂದೆ ಮೊಬೈಲ್ ಎತ್ತಿ ಹಿಡಿದು ನಿಂತವರಿಗೆ ಸಿಕ್ಕಿದ್ದು ಕಾರಣ ಕೇಳುವ ನೋಟಿಸಿನ ಬೆದರಿಕೆ. 1ರಿಂದ 7ನೇ ತರಗತಿಗೆಂದು ನೇಮಕವಾದವರನ್ನು 2017ರ ವೃಂದ ಮತ್ತು ನೇಮಕಾತಿ ನಿಯಮದಲ್ಲಿ 1ರಿಂದ 5ಕ್ಕೆ ಇಳಿಸಿದ್ದು ಇನ್ನೊಂದು ಗಾಯ. ಪದವಿ ಇದ್ದವರೂ ಇಳಿದರು, ಆದರೆ ಶಿಕ್ಷಕರ ಕೊರತೆ ಇರುವ ಶಾಲೆಯಲ್ಲಿ 6 ಮತ್ತು 7ಕ್ಕೆ ಪಾಠ ಮಾಡುವವರು ಈಗಲೂ ಅವರೇ. ಮಕ್ಕಳ ಮೊಟ್ಟೆಗೆ ಕೊಡುವ 6 ರೂಪಾಯಿಯಲ್ಲೇ ಬೇಯಿಸುವ, ಸುಲಿಯುವ ಖರ್ಚೂ ಸೇರಿದೆ. ಅಂಗಡಿಯಲ್ಲಿ ಬೆಲೆ ಏರಿದ ದಿನ ಮುಖ್ಯ ಶಿಕ್ಷಕರು ಕೈಯಿಂದ ಹಾಕಬೇಕು. ಇದನ್ನು ಎಷ್ಟು ಸಲ ಬರೆದುಕೊಟ್ಟರೂ ‘ಹೊಂದಿಸಿಕೊಳ್ಳಿ’ ಎಂಬ ಒಂದೇ ಮಾತು.

ಯಾವ ದೂರನ್ನು ಯಾವ ಅಧಿಕಾರಿ ತೆಗೆದುಕೊಳ್ಳಬೇಕು ಎಂದು ಪ್ರತಿ ಕಚೇರಿಯ ಗೋಡೆಗೆ ಬೋರ್ಡು ಹಾಕಿಸಿ. ಅದು ಆಗದಿದ್ದರೆ ಜಿಲ್ಲಾಡಳಿತ ಕಾರ್ಮಿಕ, ಶಿಕ್ಷಣ ಎರಡೂ ಇಲಾಖೆಯವರನ್ನು ಒಂದೇ ಮೇಜಿಗೆ ಕೂರಿಸಿ ಶಿಕ್ಷಕರ ಅಹವಾಲು ಕೇಳಲಿ. ಶಿಕ್ಷಕರನ್ನೂ ‘ಕಾರ್ಮಿಕ’ ವ್ಯಾಖ್ಯೆಗೆ ಸೇರಿಸಲು ನಮ್ಮ ಜಿಲ್ಲೆಯ ಜನಪ್ರತಿನಿಧಿಗಳು ಬಾಯಿ ಬಿಡಲಿ. ಮೊದಲು ಆ ಡ್ರಾಯರಿನ ಬೀಗ ತೆಗೆದು ಸೋಮವಾರದ ಮನವಿಗೆ ಮೊಹರು ಒತ್ತಿ ಕೊಡಿ. ತೆರಿಗೆ ಹಣದಲ್ಲಿ ಸಂಬಳ ಎಣಿಸಿಕೊಳ್ಳುವವರಿಗೆ ಒಂದು ಕಾಗದ ತೆಗೆದುಕೊಳ್ಳುವುದೂ ಇಷ್ಟು ಭಾರವೇ?

– ನೊಂದ ಶಿಕ್ಷಕರ ಪರವಾಗಿ, ಹಾಸನ